12 ಜನರ ಆಫೀಸು, ಐಟಿಗೆ ಅಂತ ಯಾರೂ ಇಲ್ಲ. ಮೇಲ್ ಹ್ಯಾಕ್ ಆಗಿದೆ, ಎಲ್ಲಿಂದ ಶುರು ಮಾಡಬೇಕು?

ಬಿಲ್ಲಿಂಗ್‌ಮೇಜು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಸರ ಮಾಡಿಕೊಳ್ಳದೆ ಓದಿ.

ನಮ್ಮದು 12 ಜನರ ಸಣ್ಣ ಕಂಪನಿ. ಮೆಷಿನ್‌ಗಳ ಬಿಡಿಭಾಗ ತರಿಸಿ ಮಾರುತ್ತೇವೆ. ಬಿಲ್ಲು, ಲೆಕ್ಕ, ಆರ್ಡರ್ ನನ್ನ ಕೆಲಸ. ಕಂಪ್ಯೂಟರ್ ಕೆಟ್ಟರೆ ಹೊರಗಿನಿಂದ ಒಬ್ಬರು ಬಂದು ಸರಿ ಮಾಡಿ ಹೋಗುತ್ತಾರೆ. ನಮ್ಮ ಐಟಿ ಅಂದರೆ ಅಷ್ಟೇ.

ಹೋದ ವಾರ ಒಬ್ಬ ಹಳೆಯ ಗ್ರಾಹಕರು ಫೋನ್ ಮಾಡಿ "ದುಡ್ಡು ಬಂತಾ?" ಅಂತ ಕೇಳಿದರು. ಬಂದಿರಲಿಲ್ಲ. "ನೀವು ಕಳಿಸಿದ ಹೊಸ ಅಕೌಂಟಿಗೆ ಹಾಕಿ ನಾಲ್ಕು ದಿನ ಆಯ್ತಲ್ಲ" ಅಂದರು. ನಾವು ಯಾವ ಹೊಸ ಅಕೌಂಟನ್ನೂ ಕಳಿಸಿರಲಿಲ್ಲ. ಅವರು ತಮಗೆ ಬಂದ ಮೇಲನ್ನು ವಾಪಸ್ ಕಳಿಸಿದರು. ನೋಡಿದರೆ ಅದು ನಮ್ಮ ಸೇಲ್ಸ್ ವಿಳಾಸದಿಂದಲೇ ಹೋಗಿದೆ. ಅಕ್ಷರ ಬದಲಾಯಿಸಿದ ನಕಲಿ ವಿಳಾಸ ಅಲ್ಲ, ನಮ್ಮದೇ. ಅದೇ ಮಾತುಕತೆಯ ಕೆಳಗೆ, ನಮ್ಮದೇ ಸಹಿ, ನಮ್ಮದೇ ಬಿಲ್ಲಿನ ಪಿಡಿಎಫ್. ಬ್ಯಾಂಕಿನ ಹೆಸರು ಮತ್ತು ಅಕೌಂಟ್ ನಂಬರ್ ಮಾತ್ರ ಬೇರೆ. ನಮ್ಮ ಸೇಲ್ಸ್ ಹುಡುಗಿ ತಾನು ಕಳಿಸಿಲ್ಲ, ಅವರಿಂದ ಬಂದ ಉತ್ತರವನ್ನೂ ನೋಡಿಲ್ಲ ಅನ್ನುತ್ತಾಳೆ. ನಾನು ಅವಳನ್ನು ನಂಬುತ್ತೇನೆ.

ಬ್ಯಾಂಕಿಗೆ ದೂರು ಕೊಟ್ಟಾಗಿದೆ. ಸ್ವಲ್ಪ ದುಡ್ಡು ತಡೆಹಿಡಿದಿದ್ದಾರೆ, ಉಳಿದದ್ದು ಹೋಯಿತು ಅಂತಲೇ ಲೆಕ್ಕ. ಅವತ್ತೇ ಮೇಲ್ ಪಾಸ್‌ವರ್ಡ್ ಬದಲಾಯಿಸಿದೆ. ಮಾಲೀಕರು "ಇನ್ನು ಮೇಲೆ ಇದನ್ನೆಲ್ಲ ನೀನೇ ನೋಡಿಕೋ" ಅಂದಿದ್ದಾರೆ.

ಈಗಿನ ಪರಿಸ್ಥಿತಿ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಸೇಲ್ಸ್ ಮೇಲ್‌ನ ಪಾಸ್‌ವರ್ಡ್ ನಾಲ್ಕು ಜನರಿಗೆ ಗೊತ್ತು. ಲೆಕ್ಕದ ಸಾಫ್ಟ್‌ವೇರ್ ಮೂಲೆಯಲ್ಲಿರುವ ಒಂದು ಕಂಪ್ಯೂಟರ್‌ನಲ್ಲಿದೆ, ಅಕೌಂಟೆಂಟ್ ಮನೆಯಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಅದಕ್ಕೆ ಬರುತ್ತಾರೆ. ಬ್ಯಾಕಪ್‌ಗೆ ಅಂತ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಅದಕ್ಕೇ ಚುಚ್ಚಿದೆ, ಯಾವಾಗಲೂ. ವೈಫೈ ಪಾಸ್‌ವರ್ಡ್ ಆಫೀಸು ಶುರುವಾದಾಗ ಇಟ್ಟದ್ದು. ಆಂಟಿವೈರಸ್ ಮಾರುವವರು ಬಂದು ದೊಡ್ಡ ಫೈರ್‌ವಾಲ್ (ಇಂಟರ್ನೆಟ್‌ನಿಂದ ಆಫೀಸಿನ ಜಾಲಕ್ಕೆ ಬೇಡದ್ದು ಬರದ ಹಾಗೆ ತಡೆಯುವ ಪೆಟ್ಟಿಗೆ) ತೆಗೆದುಕೊಳ್ಳಿ, ಎಲ್ಲ ಸರಿ ಹೋಗುತ್ತದೆ ಅಂದಿದ್ದಾರೆ.

ನಮ್ಮ ಕೈಯಲ್ಲಿ ದುಡ್ಡು ಕಡಿಮೆ. ಯಾವುದನ್ನು ಮೊದಲು ಮಾಡಲಿ?

---

ಕೇಬಲ್‌ಕೆಲಸ:

ಸಣ್ಣ ಆಫೀಸುಗಳಿಗೆ ಐಟಿ ಕೆಲಸ ಮಾಡಿಕೊಂಡು 15 ವರ್ಷ ಆಯಿತು. ಈ ಥರದ್ದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಫೈರ್‌ವಾಲ್ ಮಾತು ಸದ್ಯಕ್ಕೆ ಬಿಡಿ, ಮೊದಲು ಮೇಲ್ ನೋಡೋಣ.

ಪಾಸ್‌ವರ್ಡ್ ಬದಲಾಯಿಸಿದ್ದು ಒಳ್ಳೆಯದೇ, ಆದರೆ ಅಷ್ಟರಿಂದ ಕಳ್ಳ ಹೊರಗೆ ಹೋದ ಅಂತ ಅಂದುಕೊಳ್ಳಬೇಡಿ. ಬ್ರೌಸರ್‌ನಲ್ಲಿ ಸೇಲ್ಸ್ ಮೇಲ್ ತೆರೆದು ಸೆಟ್ಟಿಂಗ್ಸ್‌ಗೆ ಹೋಗಿ, ಅಲ್ಲಿ ರೂಲ್ಸ್ ಅಥವಾ ಫಿಲ್ಟರ್ಸ್ ಅಂತ ಇರುತ್ತದೆ, ಅದನ್ನು ನೋಡಿ. ಇಂಥ ಕಳ್ಳತನದಲ್ಲಿ ಸಾಮಾನ್ಯವಾಗಿ ಏನು ಮಾಡುತ್ತಾರೆ ಅಂದರೆ, ಒಂದು ರೂಲ್ ಬರೆದಿಡುತ್ತಾರೆ. ಈ ಗ್ರಾಹಕನಿಂದ ಬಂದ ಮೇಲ್ ಅಥವಾ 'ಪೇಮೆಂಟ್', 'ಇನ್ವಾಯ್ಸ್' ಅನ್ನುವ ಪದ ಇರುವ ಮೇಲ್ ಬಂದರೆ ಓದಿದ ಹಾಗೆ ಗುರುತು ಹಾಕಿ, ಯಾರೂ ತೆರೆಯದ ಒಂದು ಫೋಲ್ಡರ್‌ಗೆ ತಳ್ಳು ಅಂತ. ಔಟ್‌ಲುಕ್‌ನಲ್ಲಾದರೆ ಆರ್‌ಎಸ್‌ಎಸ್ ಫೀಡ್ಸ್ ಅನ್ನುವ ಫೋಲ್ಡರ್ ಇವರಿಗೆ ಬಹಳ ಇಷ್ಟ. ಆ ಹೆಸರಿನ ಫೋಲ್ಡರನ್ನು ಯಾರು ತೆರೆದು ನೋಡುತ್ತಾರೆ ಹೇಳಿ. ನಿಮ್ಮ ಹುಡುಗಿಗೆ ಗ್ರಾಹಕರ ಉತ್ತರ ಕಾಣದೆ ಇದ್ದದ್ದು ಇದರಿಂದಲೇ ಇರಬೇಕು.

ರೂಲ್ ಸಿಕ್ಕರೆ ತಕ್ಷಣ ಅಳಿಸಬೇಡಿ. ಮೊದಲು ದಿನಾಂಕ ಕಾಣುವ ಹಾಗೆ ಫೋಟೋ ತೆಗೆದಿಡಿ. ಯಾವ ಊರಿನಿಂದ, ಯಾವ ಹೊತ್ತಿಗೆ ಲಾಗಿನ್ ಆಗಿದೆ ಅನ್ನುವ ಪಟ್ಟಿಯನ್ನೂ ಇಳಿಸಿಕೊಳ್ಳಿ. ಇದನ್ನು ಇವತ್ತೇ ಮಾಡಿ, ಯಾಕೆಂದರೆ ಕೆಲವು ಪ್ಲಾನ್‌ಗಳಲ್ಲಿ ಈ ಪಟ್ಟಿ 7 ದಿನ ಮಾತ್ರ ಉಳಿಯುತ್ತದೆ. ಪೊಲೀಸರೂ ಬ್ಯಾಂಕಿನವರೂ ನಾಳೆ ಇದನ್ನೇ ಕೇಳುವುದು.

ಆಮೇಲೆ ರೂಲ್ ತೆಗೆಯಿರಿ. ಮೇಲ್ ಹೊರಗಿನ ಬೇರೆ ವಿಳಾಸಕ್ಕೆ ಫಾರ್ವರ್ಡ್ ಆಗುತ್ತಿದೆಯಾ ನೋಡಿ. ಪಾಸ್‌ವರ್ಡ್ ಮರೆತಾಗ ಬಳಸುವ ಫೋನ್ ನಂಬರ್, ಮೇಲ್ ವಿಳಾಸ ನಿಮ್ಮದೇ ಹೌದಾ ನೋಡಿ. ಮೇಲ್ ಓದಲು ಅನುಮತಿ ಪಡೆದ ಬೇರೆ ಆ್ಯಪ್‌ಗಳ ಪಟ್ಟಿ ಇರುತ್ತದೆ, ಅಲ್ಲಿ ಗುರುತಿಲ್ಲದ್ದು ಏನಾದರೂ ಇದ್ದರೆ ಕಿತ್ತು ಹಾಕಿ. ಇದನ್ನು ಬಿಟ್ಟರೆ ನೀವು ಹತ್ತು ಸಲ ಪಾಸ್‌ವರ್ಡ್ ಬದಲಾಯಿಸಿದರೂ ಆ ಆ್ಯಪ್ ಒಳಗೇ ಕೂತಿರುತ್ತದೆ. ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿಸಿ, ಮತ್ತೊಮ್ಮೆ ಹೊಸ ಪಾಸ್‌ವರ್ಡ್ ಇಟ್ಟು, ಎರಡನೇ ಹಂತದ ಪರಿಶೀಲನೆ ಆನ್ ಮಾಡಿ. 30 ಸೆಕೆಂಡಿಗೊಮ್ಮೆ ಆರು ಅಂಕಿ ಬದಲಾಗುವ ಆ್ಯಪ್ ಸಾಕು. ಎಸ್‌ಎಂಎಸ್ ಮಾತ್ರ ಸಾಧ್ಯ ಅಂದರೆ ಅದನ್ನಾದರೂ ಹಾಕಿ, ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ಪಾಸ್‌ಕೀ (ಪಾಸ್‌ವರ್ಡ್ ಟೈಪ್ ಮಾಡದೆ ಫೋನ್ ಅಥವಾ ಕಂಪ್ಯೂಟರ್‌ನ ಲಾಕ್ ತೆರೆದೇ ಲಾಗಿನ್ ಆಗುವ ವಿಧಾನ) ಬಳಸಲು ಆದರೆ ಅದು ಎಲ್ಲಕ್ಕಿಂತ ಗಟ್ಟಿ. ನಕಲಿ ಲಾಗಿನ್ ಪುಟದಲ್ಲಿ ಆರು ಅಂಕಿಯನ್ನೂ ಮನುಷ್ಯ ಟೈಪ್ ಮಾಡಿ ಕೊಟ್ಟುಬಿಡುತ್ತಾನೆ. ಪಾಸ್‌ಕೀ ಹಾಗಲ್ಲ, ಅದು ನಿಜವಾದ ಸೈಟಿನ ವಿಳಾಸಕ್ಕೇ ಅಂಟಿಕೊಂಡಿರುವುದರಿಂದ ನಕಲಿ ಪುಟದಲ್ಲಿ ಕೆಲಸವೇ ಮಾಡುವುದಿಲ್ಲ.

ಎರಡನೆಯದು ಆ ರಿಮೋಟ್ ಡೆಸ್ಕ್‌ಟಾಪ್. ನಿಜ ಹೇಳಬೇಕೆಂದರೆ ನಿಮ್ಮ ಪೋಸ್ಟ್‌ನಲ್ಲಿ ನನಗೆ ಜಾಸ್ತಿ ಭಯ ಹುಟ್ಟಿಸಿದ್ದು ಅದೇ. ರೂಟರ್‌ನಲ್ಲಿ 3389 ಪೋರ್ಟ್ (ರಿಮೋಟ್ ಡೆಸ್ಕ್‌ಟಾಪ್‌ಗೆ ಅಂತ ಇರುವ ಬಾಗಿಲು) ತೆರೆದು ಬಿಟ್ಟಿದ್ದಾರೆ ಅಂದರೆ, ಇಡೀ ಇಂಟರ್ನೆಟ್‌ಗೆ ನಿಮ್ಮ ಲೆಕ್ಕದ ಕಂಪ್ಯೂಟರ್‌ನ ಲಾಗಿನ್ ಪರದೆ ಕಾಣುತ್ತಿದೆ. ಮೂಲೆಯ ಆ ಕಂಪ್ಯೂಟರ್‌ನಲ್ಲಿ ಈವೆಂಟ್ ವ್ಯೂವರ್ ತೆರೆಯಿರಿ. ವಿಂಡೋಸ್ ಲಾಗ್ಸ್, ಅದರೊಳಗೆ ಸೆಕ್ಯುರಿಟಿ. ಫಿಲ್ಟರ್‌ನಲ್ಲಿ 4625 ಅಂತ ಹಾಕಿ. ಅದು ಸೋತ ಲಾಗಿನ್ ಪ್ರಯತ್ನದ ನಂಬರ್. ಎಷ್ಟು ಸಾಲು ಬಂತು ಅಂತ ಇಲ್ಲಿ ಬಂದು ಹೇಳಿ. ಪೋರ್ಟ್ ನಂಬರ್ ಬದಲಾಯಿಸಿ ಬಚಾವಾಗಬಹುದು ಅಂತ ಕೆಲವರು ಹೇಳುತ್ತಾರೆ. ಆಗುವುದಿಲ್ಲ, ಎಲ್ಲ ಪೋರ್ಟ್‌ಗಳನ್ನೂ ಹುಡುಕುವ ಪ್ರೋಗ್ರಾಂಗಳು ಹಗಲು ರಾತ್ರಿ ಓಡುತ್ತಿರುತ್ತವೆ. ಆ ಪೋರ್ಟ್ ಮುಚ್ಚಿಸಿ, ಅಕೌಂಟೆಂಟ್ ವಿಪಿಎನ್ (ಲಾಗಿನ್ ಆದವರಿಗೆ ಮಾತ್ರ ಆಫೀಸಿನ ಜಾಲಕ್ಕೆ ತೆರೆಯುವ ಗುಪ್ತ ದಾರಿ) ಮೂಲಕ ಬರಲಿ, ಅದಕ್ಕೂ ಎರಡನೇ ಹಂತ ಇರಲಿ.

---

ಹಳೇಡಿಸ್ಕ್:

ಮೇಲಿನವರು ಹೇಳಿದ್ದು ಸರಿ. ನಾನು ಆ ಚುಚ್ಚಿದ ಹಾರ್ಡ್ ಡಿಸ್ಕ್ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ನಮ್ಮ ಆಫೀಸಿನಲ್ಲೂ ಹಾಗೇ ಇತ್ತು.

ಒಂದು ಸೋಮವಾರ ಬೆಳಿಗ್ಗೆ ಬಂದು ಲೆಕ್ಕದ ಸಾಫ್ಟ್‌ವೇರ್ ತೆರೆದರೆ ತೆರೆಯಲಿಲ್ಲ. ಫೋಲ್ಡರ್ ನೋಡಿದರೆ ಎಲ್ಲ ಫೈಲ್‌ಗಳ ಹೆಸರಿನ ಕೊನೆಗೆ ಏನೋ ಅರ್ಥವಿಲ್ಲದ ಅಕ್ಷರಗಳು. ಪ್ರತಿ ಫೋಲ್ಡರ್‌ನಲ್ಲೂ ಒಂದು ಟೆಕ್ಸ್ಟ್ ಫೈಲ್, ದುಡ್ಡು ಕೊಡಿ ಅಂತ. ಆಗ ನನಗೆ ಗಾಬರಿ ಆಗಲಿಲ್ಲ, ಬ್ಯಾಕಪ್ ಇದೆಯಲ್ಲ ಅಂತ ಧೈರ್ಯ ಇತ್ತು. ಬ್ಯಾಕಪ್ ಡಿಸ್ಕ್ ತೆರೆದೆ. ಅಲ್ಲೂ ಅದೇ ಅಕ್ಷರಗಳು, ಅದೇ ಟೆಕ್ಸ್ಟ್ ಫೈಲ್. ಆ ಹೊತ್ತಿಗೆ ಕೈಕಾಲು ತಣ್ಣಗಾದವು. ಕಂಪ್ಯೂಟರ್‌ಗೆ ಆ ಡಿಸ್ಕ್ ಇನ್ನೊಂದು ಡ್ರೈವ್ ಅಷ್ಟೇ ಅಲ್ವಾ, ಸಿ ಡ್ರೈವ್‌ಗೆ ಏನಾಗುತ್ತದೋ ಅದಕ್ಕೂ ಅದೇ ಆಗುತ್ತದೆ. ವಿಂಡೋಸ್ ತಾನೇ ಇಟ್ಟುಕೊಳ್ಳುವ ಹಳೆಯ ನಕಲುಗಳನ್ನೂ ಈ ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಪ್ರೋಗ್ರಾಂ) ಮೊದಲೇ ಅಳಿಸಿಬಿಟ್ಟಿತ್ತು. ಅಂಥ ಪ್ರೋಗ್ರಾಂಗಳು ಮೊದಲು ಮಾಡುವ ಕೆಲಸಗಳಲ್ಲಿ ಅದೂ ಒಂದು ಅಂತ ಆಮೇಲೆ ತಿಳಿಯಿತು.

ನಮ್ಮನ್ನು ಉಳಿಸಿದ್ದು ಒಂದು ಹಳೆಯ ಡಿಸ್ಕ್. ಜಾಗ ಸಾಲದು ಅಂತ ಮೂರು ತಿಂಗಳ ಹಿಂದೆ ತೆಗೆದು ಡ್ರಾಯರ್‌ನಲ್ಲಿ ಇಟ್ಟಿದ್ದೆವು. ಅಲ್ಲಿಂದ ಈಚೆಗಿನ ಮೂರು ತಿಂಗಳ ಬಿಲ್ಲುಗಳನ್ನು ಇಬ್ಬರು ಕೂತು ಕಾಗದದ ಪ್ರತಿ ನೋಡಿ ಮತ್ತೆ ಟೈಪ್ ಮಾಡಿದೆವು. ಐದು ವಾರ ಹಿಡಿಯಿತು.

2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಅನ್ನುವ ಹಾಳು ಪ್ರೋಗ್ರಾಂ ಹರಡಿದಾಗ ಮೆರ್ಸ್ಕ್ ಅನ್ನುವ ದೊಡ್ಡ ಹಡಗು ಕಂಪನಿಗೆ ಆದದ್ದೂ ಇಂಥದ್ದೇ. ಯಾರು ಯಾವ ಕಂಪ್ಯೂಟರ್‌ಗೆ ಲಾಗಿನ್ ಆಗಬಹುದು ಅನ್ನುವ ಇಡೀ ಜಾಲದ ಮಾಹಿತಿ ಇರುವ ಸರ್ವರ್‌ಗಳು ಎಲ್ಲ ಕಡೆ ಹಾಳಾದವು. ಒಂದರ ನಕಲು ಇನ್ನೊಂದು ಅಂತ ಇಟ್ಟಿದ್ದರು, ಆದರೆ ಎಲ್ಲವೂ ಒಟ್ಟಿಗೇ ಜಾಲದಲ್ಲಿ ಇದ್ದದ್ದರಿಂದ ಒಟ್ಟಿಗೇ ಹೋದವು. ಘಾನಾದ ಒಂದು ಕಚೇರಿಯಲ್ಲಿ ಮಾತ್ರ ಆ ಹೊತ್ತಿಗೆ ಕರೆಂಟ್ ಹೋಗಿ ಸರ್ವರ್ ಆಫ್ ಆಗಿತ್ತು. ಉಳಿದದ್ದು ಅದೊಂದೇ. ಅಷ್ಟು ದೊಡ್ಡ ಕಂಪನಿಯನ್ನು ಮತ್ತೆ ಕಟ್ಟಿದ್ದು ಆ ಒಂದು ಪ್ರತಿಯಿಂದ. ವೈರ್ ಕಿತ್ತಿಟ್ಟ ಡಿಸ್ಕ್‌ನ ಬೆಲೆ ನನಗೆ ಆ ಕತೆ ಓದಿದಾಗ ಇನ್ನೊಮ್ಮೆ ಗೊತ್ತಾಯಿತು.

ಈಗ ನಾವು 3-2-1 ಪದ್ಧತಿ ಇಟ್ಟುಕೊಂಡಿದ್ದೇವೆ. ಡೇಟಾದ ಮೂರು ಪ್ರತಿ, ಎರಡು ಬೇರೆ ಬೇರೆ ಥರದ ಸಾಧನದಲ್ಲಿ, ಒಂದು ಆಫೀಸಿನ ಹೊರಗೆ. ಈ ಸೂತ್ರ ಹೇಳಿಕೊಟ್ಟವರು ಪೀಟರ್ ಕ್ರೋಗ್ ಅಂತ, ಅವರು ಫೋಟೋಗ್ರಾಫರ್. ನಮ್ಮಲ್ಲಿ ಎರಡು ಡಿಸ್ಕ್ ಇವೆ, ವಾರಕ್ಕೊಂದರಂತೆ ಬದಲಾಯಿಸುತ್ತೇವೆ, ಬ್ಯಾಕಪ್ ಮುಗಿದ ಕೂಡಲೇ ವೈರ್ ಕಿತ್ತು ಕಪಾಟಿಗೆ. ಹಳೆಯ ಪ್ರತಿಗಳನ್ನು ಇಂತಿಷ್ಟು ದಿನ ಯಾರೂ ಅಳಿಸಲು ಆಗದ ಹಾಗೆ ಇಡುವ ಕ್ಲೌಡ್ ಬ್ಯಾಕಪ್ ಒಂದಿದೆ.

ಮುಖ್ಯವಾದ ಮಾತು ಇನ್ನೂ ಇದೆ. ಬ್ಯಾಕಪ್‌ನಿಂದ ವಾಪಸ್ ತೆಗೆದು ನೋಡಿದ್ದೀರಾ? ನಾವು ಹೊಸ ವ್ಯವಸ್ಥೆ ಮಾಡಿದ ಮೊದಲ ತಿಂಗಳು ಬೇರೆ ಲ್ಯಾಪ್‌ಟಾಪ್‌ಗೆ ಹಾಕಿ ನೋಡಿದೆವು. ಮುಖ್ಯ ಡೇಟಾಬೇಸ್ ಫೈಲ್‌ನ ಗಾತ್ರ ಸೊನ್ನೆ. ರಾತ್ರಿ ಬ್ಯಾಕಪ್ ಓಡುವಾಗ ಯಾರೋ ಸಾಫ್ಟ್‌ವೇರ್ ಮುಚ್ಚದೆ ಮನೆಗೆ ಹೋಗುತ್ತಿದ್ದರು, ತೆರೆದಿದ್ದ ಫೈಲ್ ನಕಲಾಗುತ್ತಲೇ ಇರಲಿಲ್ಲ. ಪರದೆಯ ಮೇಲೆ ಮಾತ್ರ ದಿನಾ ಹಸಿರು ಟಿಕ್ ಬರುತ್ತಿತ್ತು. ಈಗ ತಿಂಗಳಿಗೊಮ್ಮೆ ವಾಪಸ್ ತೆಗೆದು, ಹೋದ ತಿಂಗಳ ಕೊನೆಯ ಬಾಕಿ ಮೊತ್ತ ಎರಡು ಕಡೆಯೂ ಒಂದೇ ಇದೆಯಾ ಅಂತ ತಾಳೆ ನೋಡುತ್ತೇವೆ. ಅರ್ಧ ಗಂಟೆಯ ಕೆಲಸ.

---

ಲೆಕ್ಕದಕ್ಕ:

ನಾನು 20 ವರ್ಷದಿಂದ ಅಕೌಂಟ್ಸ್‌ನಲ್ಲಿ ಇರುವವಳು. ಕಂಪ್ಯೂಟರ್ ವಿಷಯ ಮೇಲಿನವರಿಗೆ ಬಿಟ್ಟೆ, ದುಡ್ಡು ಕಳಿಸುವ ಕಡೆಯಿಂದ ಒಂದು ಮಾತು ಹೇಳುತ್ತೇನೆ.

ನಾಳೆ ಇದೇ ಮೋಸ ತಿರುಗಿ ನಿಮಗೇ ಆಗಬಹುದು. ನಿಮಗೆ ಸಾಮಾನು ಕೊಡುವವರ ಮೇಲ್ ಯಾರದೋ ಕೈಗೆ ಸಿಕ್ಕರೆ ಹೊಸ ಅಕೌಂಟ್ ನಂಬರ್ ನಿಮಗೆ ಬರುತ್ತದೆ. ಆಗ ನಿಮ್ಮ ಮೇಲ್ ಎಷ್ಟು ಭದ್ರವಾಗಿದ್ದರೂ ಪ್ರಯೋಜನ ಇಲ್ಲ, ಮೇಲ್ ನಿಜವಾದ ವಿಳಾಸದಿಂದಲೇ ಬಂದಿರುತ್ತದೆ.

ನಮ್ಮಲ್ಲಿ ಒಂದೇ ನಿಯಮ. ಬ್ಯಾಂಕ್ ವಿವರ ಬದಲಾಗಿದೆ ಅಂತ ಮೇಲ್ ಬಂದರೆ ಫೋನ್ ಮಾಡದೆ ಒಂದು ಪೈಸೆಯೂ ಹೋಗುವುದಿಲ್ಲ. ಆ ಮೇಲ್‌ನಲ್ಲಿ ಕೊಟ್ಟ ನಂಬರ್‌ಗೆ ಫೋನ್ ಮಾಡುವ ಹಾಗಿಲ್ಲ. ನಮ್ಮ ಹಳೆಯ ಪುಸ್ತಕದಲ್ಲಿರುವ ನಂಬರ್‌ಗೇ ಮಾಡಬೇಕು, ನಮಗೆ ಪರಿಚಯ ಇರುವವರನ್ನೇ ಕರೆಸಿ ಕೇಳಬೇಕು. ಅವರಾಗಿಯೇ ಫೋನ್ ಮಾಡಿ "ಹೌದು ಬದಲಾಗಿದೆ" ಅಂದರೂ ಒಪ್ಪುವುದಿಲ್ಲ, ಇಟ್ಟು ನಾವೇ ವಾಪಸ್ ಮಾಡುತ್ತೇವೆ. ಈಗೀಗ ಧ್ವನಿಯನ್ನೂ ನಕಲು ಮಾಡುತ್ತಾರೆ. ಹೊಸ ಅಕೌಂಟನ್ನು ಬ್ಯಾಂಕಿನ ಪುಟದಲ್ಲಿ ಒಬ್ಬರು ಸೇರಿಸಿದರೆ ಇನ್ನೊಬ್ಬರು ಒಪ್ಪಿಗೆ ಕೊಡಬೇಕು.

ಇದು ನಡೆಯಬೇಕಾದರೆ ಮಾಲೀಕರು ಜೊತೆಗೆ ನಿಲ್ಲಬೇಕು. ನಮ್ಮ ಸಾಹೇಬರು ಎಲ್ಲರಿಗೂ ಬರೆದು ಕೊಟ್ಟಿದ್ದಾರೆ: ಪರಿಶೀಲನೆಗೆ ಅಂತ ಪೇಮೆಂಟ್ ತಡವಾದರೆ ಯಾರಿಗೂ ಬೈಗುಳ ಇಲ್ಲ, ನಾನೇ ಅವಸರ ಮಾಡಿದರೂ ಫೋನ್ ಮಾಡದೆ ಕಳಿಸಬೇಡಿ. ಆ ಕಾಗದ ನನ್ನ ಮೇಜಿನ ಗಾಜಿನ ಕೆಳಗೇ ಇದೆ. ಎರಡು ಸಲ ಅದನ್ನು ಅವರಿಗೇ ತೋರಿಸಿದ್ದೇನೆ, ಎರಡು ಸಲವೂ ಸುಮ್ನೆ ಕಾದರು.

ಇನ್ನೊಂದು. ಆ ಸೇಲ್ಸ್ ಹುಡುಗಿಯನ್ನು ಯಾರೂ ಗದರಿಸದ ಹಾಗೆ ನೋಡಿಕೊಳ್ಳಿ. ಹಿಂದೆ ನಾನಿದ್ದ ಆಫೀಸಿನಲ್ಲಿ ಒಬ್ಬ ಹುಡುಗ ತಪ್ಪು ಲಿಂಕ್ ಒತ್ತಿ ಪಾಸ್‌ವರ್ಡ್ ಕೊಟ್ಟುಬಿಟ್ಟ. ಅವನಿಗೆ ಐದೇ ನಿಮಿಷದಲ್ಲಿ ಅನುಮಾನ ಬಂದಿತ್ತು, ಆದರೆ ಕೆಲಸ ಹೋಗುತ್ತದೆ ಅನ್ನುವ ಹೆದರಿಕೆಗೆ ಎರಡು ದಿನ ಬಾಯಿ ಬಿಡಲಿಲ್ಲ. ಐದು ನಿಮಿಷಕ್ಕೇ ಹೇಳಿದ್ದರೆ ಪಾಸ್‌ವರ್ಡ್ ಬದಲಾಯಿಸಿ ಮುಗಿಸಬಹುದಿತ್ತು. ಆ ಎರಡು ದಿನದಲ್ಲಿ ಅವನ ಮೇಲ್‌ನಿಂದ ನಮ್ಮ ಎಲ್ಲ ಗ್ರಾಹಕರಿಗೂ ಅದೇ ಲಿಂಕ್ ಹೋಯಿತು.

---

ರೂಟರ್_ರಾತ್ರಿ:

ಫೈರ್‌ವಾಲ್ ಬೇಡವೇ ಬೇಡ ಅನ್ನುವ ಹಾಗೆ ಕಾಣುತ್ತಿದೆ, ಅದಕ್ಕೆ ನನ್ನ ತಕರಾರಿದೆ. ರಿಮೋಟ್ ಡೆಸ್ಕ್‌ಟಾಪ್ ತೆರೆದಿಟ್ಟವರಿಗೆ ಒಳ್ಳೆಯ ಫೈರ್‌ವಾಲ್ ಇದ್ದಿದ್ದರೆ ವಿಪಿಎನ್ ಕೂಡ ಅದರಲ್ಲೇ ಬರುತ್ತಿತ್ತು. ಸಿಸಿಟಿವಿ, ಪ್ರಿಂಟರ್, ಅತಿಥಿಗಳ ವೈಫೈ ಎಲ್ಲ ಲೆಕ್ಕದ ಕಂಪ್ಯೂಟರ್ ಇರುವ ಜಾಲದಲ್ಲೇ ಇದ್ದರೆ ಹೇಗೆ?

---

ಕೇಬಲ್‌ಕೆಲಸ:

@ರೂಟರ್_ರಾತ್ರಿ, ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಅತಿಥಿಗಳ ವೈಫೈ ಬೇರೆ ಮಾಡಲೇಬೇಕು. ಈಗಿರುವ ಮಾಮೂಲಿ ರೂಟರ್‌ನಲ್ಲೇ ಅದು ಬಹುತೇಕ ಇರುತ್ತದೆ, ಗೆಸ್ಟ್ ನೆಟ್‌ವರ್ಕ್ ಅಂತ. ಕ್ಯಾಮರಾಗಳನ್ನೂ ಅದಕ್ಕೇ ಹಾಕಬಹುದು. ಆದರೆ ಇವರ ದುಡ್ಡು ಹೋದದ್ದು ಕ್ಲೌಡ್‌ನಲ್ಲಿರುವ ಮೇಲ್‌ಬಾಕ್ಸ್‌ನಿಂದ. ಕಳ್ಳ ಇವರ ಆಫೀಸಿನ ಜಾಲಕ್ಕೆ ಕಾಲೇ ಇಟ್ಟಿಲ್ಲದೆ ಇರಬಹುದು. ಎಷ್ಟು ದೊಡ್ಡ ಫೈರ್‌ವಾಲ್ ಇದ್ದರೂ ಅದನ್ನು ಕಾಣುತ್ತಿರಲಿಲ್ಲ. ಇರುವ ಸ್ವಲ್ಪ ದುಡ್ಡನ್ನು ಅದಕ್ಕೆ ಸುರಿದು ಎರಡನೇ ಹಂತ, ಬ್ಯಾಕಪ್ ಎರಡನ್ನೂ ಮುಂದಕ್ಕೆ ಹಾಕುತ್ತಾರೆ ಅನ್ನುವುದೇ ನನ್ನ ಚಿಂತೆ. ಇನ್ನು ಫೈರ್‌ವಾಲ್ ತಂದು ಇಟ್ಟರೆ ಮುಗಿಯುವುದೂ ಇಲ್ಲ, ಅದಕ್ಕೂ ಅಪ್‌ಡೇಟ್ ಬೇಕು. ಅಪ್‌ಡೇಟ್ ಮಾಡದ ವಿಪಿಎನ್ ಪೆಟ್ಟಿಗೆಯ ಮೂಲಕವೇ ಒಳಗೆ ನುಗ್ಗಿದ ಪ್ರಕರಣಗಳು ಎಷ್ಟೋ ಇವೆ.

ಅಪ್‌ಡೇಟ್ ಮಾತು ಬಂತಲ್ಲ. ವನ್ನಾಕ್ರೈ ಅನ್ನುವ ರಾನ್ಸಮ್‌ವೇರ್ ನೆನಪಿದೆಯಾ? ಅದು ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ಪ್ಯಾಚ್ (ಸರಿಪಡಿಸುವ ಅಪ್‌ಡೇಟ್) ಬಿಟ್ಟಿತ್ತು. ದಾಳಿ ಶುರುವಾದದ್ದು ಮೇ 12ಕ್ಕೆ. ಮಧ್ಯೆ ಸುಮಾರು ಎರಡು ತಿಂಗಳು. ಆ ಎರಡು ತಿಂಗಳಲ್ಲಿ 'ರಿಸ್ಟಾರ್ಟ್ ಆಮೇಲೆ' ಅಂತ ಒತ್ತುತ್ತಾ ಹೋದ ಕಂಪ್ಯೂಟರ್‌ಗಳು ಎಷ್ಟೋ ದೇಶಗಳಲ್ಲಿ ಒಂದೇ ವಾರದಲ್ಲಿ ಬಿದ್ದವು.

@ಬಿಲ್ಲಿಂಗ್‌ಮೇಜು, ನಿಮ್ಮ ಕಂಪ್ಯೂಟರ್‌ಗಳಲ್ಲಿ ವಿಂಡೋಸ್ 10 ಎಷ್ಟಿವೆ ನೋಡಿ. ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಒಂದಷ್ಟು ಕಾಲ ಭದ್ರತಾ ಅಪ್‌ಡೇಟ್ ಮಾತ್ರ ಪಡೆಯುವ ದಾರಿ ಇದೆ, ಆದರೆ ಅದು ತಾನಾಗಿ ಬರುವುದಿಲ್ಲ, ನೋಂದಣಿ ಮಾಡಿಸಬೇಕು.

ನಾಲ್ಕು ಜನರಿಗೆ ಒಂದೇ ಪಾಸ್‌ವರ್ಡ್ ಬೇಡ. ಸೇಲ್ಸ್ ವಿಳಾಸವನ್ನು ಹಂಚಿಕೆಯ ಮೇಲ್‌ಬಾಕ್ಸ್ ಮಾಡಿ, ನಾಲ್ವರೂ ತಮ್ಮ ತಮ್ಮ ಲಾಗಿನ್‌ನಿಂದಲೇ ಅದನ್ನು ತೆರೆಯಬಹುದು. ಆಗ ಯಾರು ಕಳಿಸಿದ್ದು ಅಂತಲೂ ಗೊತ್ತಾಗುತ್ತದೆ, ಒಬ್ಬರು ಕೆಲಸ ಬಿಟ್ಟರೆ ಅವರದ್ದನ್ನು ಮಾತ್ರ ಮುಚ್ಚಿದರೆ ಸಾಕು. ಮೂರು ತಿಂಗಳಿಗೊಮ್ಮೆ ಎಲ್ಲರೂ ಪಾಸ್‌ವರ್ಡ್ ಬದಲಾಯಿಸಿ ಅನ್ನುವ ಹಳೆಯ ನಿಯಮ ಹಾಕಬೇಡಿ. ಜನ ಕೊನೆಯ ಅಂಕಿ 1 ಇದ್ದದ್ದನ್ನು 2 ಮಾಡುತ್ತಾರೆ ಅಷ್ಟೇ. ತಾಂತ್ರಿಕ ಮಾನದಂಡ ರೂಪಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್ ಕೂಡ 2017ರಲ್ಲೇ ಆ ಪದ್ಧತಿ ಬೇಡ, ಸೋರಿದ ಸುಳಿವು ಸಿಕ್ಕಾಗ ಬದಲಾಯಿಸಿದರೆ ಸಾಕು ಅಂತ ಹೇಳಿದೆ. ಉದ್ದದ, ಪ್ರತಿ ಸೈಟಿಗೂ ಬೇರೆ ಬೇರೆ ಪಾಸ್‌ವರ್ಡ್ ಇರಲಿ, ನೆನಪಿಟ್ಟುಕೊಳ್ಳುವ ಕೆಲಸ ಪಾಸ್‌ವರ್ಡ್ ಮ್ಯಾನೇಜರ್‌ಗೆ ಬಿಡಿ. ನಿಮ್ಮ ಮೇಲ್ ವಿಳಾಸ ಹಿಂದೆ ಎಲ್ಲಾದರೂ ಸೋರಿದೆಯಾ ಅಂತ 'ಹ್ಯಾವ್ ಐ ಬೀನ್ ಪೋನ್ಡ್' ಸೈಟ್‌ನಲ್ಲಿ ನೋಡಬಹುದು, ದುಡ್ಡು ಕೊಡಬೇಕಿಲ್ಲ.

---

ಬಿಲ್ಲಿಂಗ್‌ಮೇಜು:

ಮೂರು ದಿನ ಇದೇ ಕೆಲಸ. ಎಲ್ಲರಿಗೂ ಧನ್ಯವಾದ. ಏನೇನು ಸಿಕ್ಕಿತು ಅಂತ ಬರೆಯುತ್ತೇನೆ.

ರೂಲ್ ಇತ್ತು. ಅದರ ಹೆಸರು ಬರೀ ಒಂದು ಚುಕ್ಕೆ. ಪಟ್ಟಿಯಲ್ಲಿ ಕಣ್ಣಿಗೇ ಬೀಳುವುದಿಲ್ಲ, ಮೊದಲ ಸಲ ನಾನೂ ದಾಟಿಕೊಂಡು ಹೋಗಿದ್ದೆ. ಎರಡು ಗ್ರಾಹಕರ ಹೆಸರು ಹಾಕಿ, ಅವರಿಂದ ಬಂದದ್ದೆಲ್ಲ ಆರ್‌ಎಸ್‌ಎಸ್ ಫೋಲ್ಡರ್‌ಗೆ ಅಂತ ಇತ್ತು. ಫೋಲ್ಡರ್ ತೆರೆದರೆ 41 ಮೇಲ್. ಲಾಗಿನ್ ಪಟ್ಟಿಯಲ್ಲಿ ನಮಗೆ ಸಂಬಂಧವೇ ಇಲ್ಲದ ದೇಶದಿಂದ ಮೂರು ಸಾಲು ಸಿಕ್ಕಿವೆ, ಎಲ್ಲ ಫೋಟೋ ತೆಗೆದು ದೂರಿನ ಜೊತೆ ಕೊಟ್ಟೆ.

ಆ 41ರಲ್ಲಿ ಒಂದನ್ನು ಓದಿ ನನಗೆ ತುಂಬಾ ಸಂಕಟ ಆಯಿತು. ನಮ್ಮ ಗ್ರಾಹಕರು ದುಡ್ಡು ಹಾಕುವ ಹಿಂದಿನ ದಿನ ಕೇಳಿದ್ದಾರೆ. "ಇಷ್ಟು ವರ್ಷ ಒಂದೇ ಅಕೌಂಟ್ ಇತ್ತಲ್ಲ, ನಿಜವಾಗಿ ಬದಲಾಗಿದೆಯಾ? ದಯವಿಟ್ಟು ಖಚಿತಪಡಿಸಿ" ಅಂತ. ಪಾಪ, ಅವರು ಮಾಡಬೇಕಾದದ್ದನ್ನು ಮಾಡಿದ್ದಾರೆ, ಆದರೆ ಅದೇ ಮೇಲ್‌ನಲ್ಲಿ ಕೇಳಿದ್ದಾರೆ. 12 ನಿಮಿಷಕ್ಕೆ ನಮ್ಮ ವಿಳಾಸದಿಂದ ಉತ್ತರ ಹೋಗಿದೆ, ಹೌದು ಬದಲಾಗಿದೆ, ಆಡಿಟ್ ನಡೆಯುತ್ತಿದೆ ಅಂತ. @ಲೆಕ್ಕದಕ್ಕ, ನಿಮ್ಮ ಫೋನ್ ನಿಯಮ ಯಾಕೆ ಅಂತ ಆಗ ಅರ್ಥ ಆಯಿತು. ಅವತ್ತೇ ಮಾಲೀಕರ ಕೈಯಲ್ಲಿ ಅಂಥದ್ದೇ ಕಾಗದ ಬರೆಸಿಕೊಂಡೆ. ಎಲ್ಲ ಗ್ರಾಹಕರಿಗೂ ನಾನೇ ಒಬ್ಬೊಬ್ಬರಿಗೆ ಫೋನ್ ಮಾಡಿ, ನಮ್ಮ ಅಕೌಂಟ್ ಬದಲಾವಣೆ ಎಂದೂ ಮೇಲ್‌ನಲ್ಲಿ ಬರುವುದಿಲ್ಲ ಅಂತ ಹೇಳುತ್ತಿದ್ದೇನೆ. ಬಿಲ್ಲಿನ ಕೆಳಗೂ ಆ ಸಾಲು ಅಚ್ಚು ಹಾಕಿಸಿದೆ.

ಹುಡುಗಿಯ ವಿಷಯ. ಒಂದು ತಿಂಗಳ ಹಿಂದೆ "ನಿಮ್ಮ ಮೇಲ್‌ಬಾಕ್ಸ್ ತುಂಬಿದೆ" ಅಂತ ಬಂದ ಪುಟದಲ್ಲಿ ಪಾಸ್‌ವರ್ಡ್ ಹಾಕಿದ ನೆನಪು ಅಂತ ಅವಳೇ ಬಂದು ಹೇಳಿದಳು. ಯಾರೂ ಏನೂ ಅನ್ನಲಿಲ್ಲ.

4625 ಹಾಕಿ ನೋಡಿದೆ. ಪರದೆ ಇಳಿಸಿದಷ್ಟೂ ಸಾಲುಗಳು. ಅಡ್ಮಿನ್, ಅಡ್ಮಿನಿಸ್ಟ್ರೇಟರ್, ಟೆಸ್ಟ್, ಸ್ಕ್ಯಾನರ್, ಹೀಗೆ ಹೆಸರು ಬದಲಾಯಿಸಿಕೊಂಡು ಎರಡು ಮೂರು ಸೆಕೆಂಡಿಗೊಂದು. ರಾತ್ರಿ ಎರಡು ಗಂಟೆಗೂ ನಿಂತಿಲ್ಲ. ಪೋರ್ಟ್ ಮುಚ್ಚಿಸಿದ ಮೇಲೆ ಆ ಪಟ್ಟಿ ಅಲ್ಲಿಗೇ ನಿಂತಿತು. ಅಕೌಂಟೆಂಟ್ ಸದ್ಯಕ್ಕೆ ಆಫೀಸಿಗೇ ಬಂದು ಕೆಲಸ ಮಾಡುತ್ತಿದ್ದಾರೆ, ವಿಪಿಎನ್ ಮುಂದಿನ ವಾರ.

ಬ್ಯಾಕಪ್ ವಾಪಸ್ ತೆಗೆದು ನೋಡಿದರೆ ಐದು ತಿಂಗಳ ಹಿಂದಿನದು ಮಾತ್ರ ತೆರೆಯಿತು. ಸಾಫ್ಟ್‌ವೇರ್ ಹೊಸ ಆವೃತ್ತಿ ಹಾಕಿದಾಗ ಡೇಟಾ ಬೇರೆ ಫೋಲ್ಡರ್‌ಗೆ ಹೋಗಿದೆ, ಬ್ಯಾಕಪ್ ಹಳೆಯ ಫೋಲ್ಡರನ್ನೇ ನಕಲು ಮಾಡುತ್ತಾ ಇತ್ತು. @ಹಳೇಡಿಸ್ಕ್, ನೀವು ಹೇಳದೆ ಇದ್ದಿದ್ದರೆ ನಾವು ನೋಡುತ್ತಲೇ ಇರಲಿಲ್ಲ.

ಕೆಲಸ ಬಿಟ್ಟು ಹೋದ ಮೂವರ ಲಾಗಿನ್ ಇನ್ನೂ ತೆರೆದೇ ಇದ್ದವು, ಒಬ್ಬರು ಹೋಗಿ ಎರಡು ವರ್ಷ ಆಗಿದೆ. ಮುಚ್ಚಿದೆ.

ಇನ್ನೊಂದು ಪ್ರಶ್ನೆ ಉಳಿದಿದೆ. ಹೊರಗಿನಿಂದ ಬರುವ ನಮ್ಮ ಐಟಿಯವರ ಹತ್ತಿರ ಎಲ್ಲದರ ಪಾಸ್‌ವರ್ಡ್ ಇದೆ. ನಮ್ಮ ಡೊಮೇನ್ ಹೆಸರು (ಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು) ಕೂಡ ಅವರ ಹೆಸರಿನಲ್ಲೇ ನೋಂದಣಿ ಆಗಿದೆ ಅಂತ ಈಗ ಗೊತ್ತಾಯಿತು. ಮನುಷ್ಯ ಒಳ್ಳೆಯವರು, ಹೇಗೆ ಕೇಳಲಿ?

---

ಕೇಬಲ್‌ಕೆಲಸ:

ನಾನೂ ಅಂಥದ್ದೇ ಕೆಲಸ ಮಾಡುವವನು, ಅದಕ್ಕೇ ಹೇಳುತ್ತೇನೆ, ನೇರವಾಗಿ ಕೇಳಿ. ಒಳ್ಳೆಯವರಾದರೆ ಬೇಜಾರು ಮಾಡಿಕೊಳ್ಳುವುದಿಲ್ಲ. ಅವರಿಗೇ ಏನಾದರೂ ಆಗಿ ಆಸ್ಪತ್ರೆ ಸೇರಿದರೆ, ಅದೇ ವಾರ ಡೊಮೇನ್ ನವೀಕರಣದ ದಿನ ಬಂದರೆ ನಿಮ್ಮ ಮೇಲ್, ವೆಬ್‌ಸೈಟ್ ಎರಡೂ ನಿಲ್ಲುತ್ತವೆ. ಡೊಮೇನ್ ಅನ್ನು ಕಂಪನಿಯ ಹೆಸರಿಗೆ ವರ್ಗಾಯಿಸಿ, ನೋಂದಣಿ ಖಾತೆಯ ಲಾಗಿನ್ ಮಾಲೀಕರ ಹತ್ತಿರ ಇರಲಿ, ಅದಕ್ಕೂ ಎರಡನೇ ಹಂತ ಹಾಕಿ. ಆ ಖಾತೆಗೆ ಕೊಡುವ ಮೇಲ್ ವಿಳಾಸ ಅದೇ ಡೊಮೇನ್‌ನದ್ದು ಆಗಿರಬಾರದು. ಡೊಮೇನ್ ಕೈತಪ್ಪಿದರೆ ವಾಪಸ್ ಪಡೆಯುವ ಮೇಲ್ ಕೂಡ ಅದರ ಜೊತೆಗೇ ಹೋಗಿರುತ್ತದೆ.

ಅವರಿಗೆ ಅಂತಲೇ ಪ್ರತ್ಯೇಕ ಲಾಗಿನ್ ಮಾಡಿಕೊಡಿ. ದೂರದಿಂದ ನಿಮ್ಮ ಕಂಪ್ಯೂಟರ್ ತೆರೆಯಲು ಯಾವ ಪ್ರೋಗ್ರಾಂ ಹಾಕಿದ್ದಾರೆ ಅಂತ ಬರೆಸಿಕೊಳ್ಳಿ. ಅನುಮಾನಕ್ಕಲ್ಲ, ಅವರ ಮೇಲೆ ದಾಳಿ ಆದರೆ ನಿಮ್ಮ ಮೇಲೂ ಆಗುತ್ತದೆ ಅಂತ. 2021ರ ಜುಲೈನಲ್ಲಿ ಕಸೇಯ ಅನ್ನುವ ಕಂಪನಿಯ ಪ್ರೋಗ್ರಾಂನಲ್ಲಿ ದೋಷ ಹುಡುಕಿ ರಾನ್ಸಮ್‌ವೇರ್ ಬಿಟ್ಟರು. ಆ ಪ್ರೋಗ್ರಾಂ ಬಳಸುತ್ತಿದ್ದವರು ನನ್ನಂಥ ಐಟಿ ಸೇವೆಯವರು, ಪೆಟ್ಟು ತಿಂದದ್ದು ಅವರ ಗ್ರಾಹಕರು. ಕಂಪನಿಯೇ ಕೊಟ್ಟ ಲೆಕ್ಕದ ಪ್ರಕಾರ 1,500ರವರೆಗೆ ವ್ಯವಹಾರಗಳು, ಹೆಚ್ಚಿನವು ನಿಮ್ಮಂಥ ಸಣ್ಣವೇ. ಅವರಲ್ಲಿ ಬಹುಪಾಲು ಜನ ಆ ಪ್ರೋಗ್ರಾಂನ ಹೆಸರನ್ನೂ ಕೇಳಿರಲಿಕ್ಕಿಲ್ಲ.

ಡೊಮೇನ್ ಕೈಗೆ ಬಂದಮೇಲೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ನಿಮ್ಮ ಹೆಸರಿನಲ್ಲಿ ಬಂದ ಮೇಲ್ ನಿಜಕ್ಕೂ ನಿಮ್ಮದೇನಾ ಅಂತ ಪರೀಕ್ಷಿಸಲು ಡೊಮೇನ್‌ನಲ್ಲಿ ಹಾಕುವ ಸೆಟ್ಟಿಂಗ್‌ಗಳು) ಮೂರನ್ನೂ ಅವರ ಕೈಯಲ್ಲೇ ಹಾಕಿಸಿ. ಈ ಸಲ ಆದದ್ದನ್ನು ಅವು ತಡೆಯುತ್ತಿರಲಿಲ್ಲ, ನಿಮ್ಮ ನಿಜವಾದ ಮೇಲ್‌ಬಾಕ್ಸೇ ಕಳ್ಳನ ಕೈಯಲ್ಲಿತ್ತು. ಆದರೆ ಹೊರಗಿನಿಂದ ನಿಮ್ಮ ಹೆಸರು ಹಾಕಿಕೊಂಡು ಬರುವ ಮೇಲ್‌ಗಳನ್ನು ತಡೆಯುತ್ತವೆ. ಡಿಮಾರ್ಕ್ ಅನ್ನು ಮೊದಲು ಬರೀ ವರದಿ ಕೊಡುವ ಹಾಗೆ ಇಟ್ಟು, ಎರಡು ಮೂರು ವಾರ ನೋಡಿ, ನಿಮ್ಮ ಮೇಲ್‌ಗಳೆಲ್ಲ ಪಾಸ್ ಆಗುತ್ತಿವೆ ಅಂತ ಗೊತ್ತಾದ ಮೇಲೆ ಬಿಗಿ ಮಾಡಿ. ಮೊದಲ ದಿನವೇ ಬಿಗಿ ಮಾಡಿದರೆ ನಿಮ್ಮ ಬಿಲ್ಲುಗಳೇ ಗ್ರಾಹಕರ ಸ್ಪ್ಯಾಮ್‌ಗೆ ಹೋಗಬಹುದು.

---

ಹಳೇಡಿಸ್ಕ್:

ಇದಕ್ಕೆ ಒಂದು ಸೇರಿಸುತ್ತೇನೆ. ಒಂದು ಪುಸ್ತಕ ಮಾಡಿ, ಕಾಗದದ್ದು. ಎಷ್ಟು ಕಂಪ್ಯೂಟರ್, ಯಾವುದರಲ್ಲಿ ಯಾವ ವಿಂಡೋಸ್, ರೂಟರ್ ಯಾವುದು, ಡೊಮೇನ್ ನವೀಕರಣ ಯಾವತ್ತು, ಯಾರಿಗೆ ಯಾವ ಲಾಗಿನ್ ಇದೆ, ಬ್ಯಾಂಕಿನ ದೂರು ನಂಬರ್, ಐಟಿಯವರ ನಂಬರ್. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬರೆಯಬೇಡಿ. ನಮಗೆ ಆ ಸೋಮವಾರ ಎಲ್ಲ ನಂಬರ್‌ಗಳೂ ತೆರೆಯದ ಕಂಪ್ಯೂಟರ್ ಒಳಗೇ ಇದ್ದವು, ಬ್ಯಾಂಕಿನ ನಂಬರ್ ಹುಡುಕಲಿಕ್ಕೇ ಒಂದು ಗಂಟೆ ಹೋಯಿತು.

---

ಬಿಲ್ಲಿಂಗ್‌ಮೇಜು:

ಡೊಮೇನ್ ವಿಷಯ ಕೇಳಿದೆ. ಅವರೇ "ಒಳ್ಳೆಯದಾಯಿತು, ಇದು ನನ್ನ ತಲೆ ಮೇಲಿನ ಭಾರ" ಅಂತ ಹೇಳಿ ವರ್ಗಾವಣೆ ಶುರು ಮಾಡಿದ್ದಾರೆ. ಪುಸ್ತಕ ತಂದಿದ್ದೇನೆ, ಇವತ್ತು ಮೂರು ಪುಟ ಆಯಿತು. ಲೆಕ್ಕ ಮಾಡಿದಾಗ ಕಂಪ್ಯೂಟರ್ 12 ಅಂದುಕೊಂಡಿದ್ದೆವು, 14 ಇವೆ. ಗೋಡೌನ್‌ನಲ್ಲಿ ಲೇಬಲ್ ಹೊಡೆಯಲು ಇಟ್ಟ ಎರಡು ಯಾರ ಪಟ್ಟಿಯಲ್ಲೂ ಇರಲಿಲ್ಲ, ಎರಡೂ ವಿಂಡೋಸ್ 7, ಎರಡೂ ಇಂಟರ್ನೆಟ್‌ಗೆ ಸೇರಿಸಿಯೇ ಇದ್ದವು. ಲೇಬಲ್ ಹೊಡೆಯಲು ಇಂಟರ್ನೆಟ್ ಬೇಕಿಲ್ಲ, ಕೇಬಲ್ ಕಿತ್ತಿದ್ದೇನೆ.

ಎರಡನೇ ಡಿಸ್ಕ್ ನಿನ್ನೆ ಬಂತು. ಮೊದಲ ಬ್ಯಾಕಪ್ ಆಯಿತು, ಬೇರೆ ಲ್ಯಾಪ್‌ಟಾಪ್‌ನಲ್ಲಿ ತೆರೆದು ಹೋದ ತಿಂಗಳ ಬಾಕಿ ತಾಳೆ ನೋಡಿದೆ, ಸರಿ ಬಂತು. ಡಿಸ್ಕ್ ಇವತ್ತು ರಾತ್ರಿ ಮಾಲೀಕರ ಮನೆಗೆ ಹೋಗುತ್ತದೆ.